ಪೆನ್ ಒಂದು ಕಡೆ, ಗೆರೆ ಇನ್ನೊಂದು ಕಡೆ: ಹಳೆಯ ಟ್ಯಾಬ್ಲೆಟ್ ಕಂಪ್ಯೂಟರನ್ನು ದಾರಿಗೆ ತರುವ ಕೆಲಸ

ನಮ್ಮ ಅತ್ತಿಗೆ ಹಸೆ ಚಿತ್ತಾರ ಬರೆಯುತ್ತಾರೆ. ಸಾಗರದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿ ಅರೆದು ಮಾಡಿದ ಬಿಳಿ ಬಣ್ಣ, ಪುಂಡಿ ನಾರಿನ ಕುಂಚ. ಒಂದು ಎಳೆಯ ಪಕ್ಕ ಇನ್ನೊಂದು ಎಳೆ, ನಡುವೆ ತೆಳ್ಳಗಿನ ಜಾಗ. ಒಂದು ಎಳೆ ಚೂರು ಜಾರಿದರೂ ಇಡೀ ಚೌಕ ಸೊಟ್ಟಗೆ ಕಾಣುತ್ತದೆ.

ಮದುವೆ ಕಾಗದಕ್ಕೆ ಚಿತ್ತಾರದ ಅಂಚು ಬರೆದುಕೊಡಿ ಅಂತ ಒಬ್ಬರು ಕೇಳಿದರು, ಆಮೇಲೆ ಇನ್ನೊಬ್ಬರು ಕೇಳಿದರು. ಹಾಳೆ ಮೇಲೆ ಬರೆದು, ಸ್ಕ್ಯಾನ್ ಮಾಡಿಸಿ, ತಿದ್ದಿ ಸಾಕಾಗಿ ಹೋಯಿತು. ಅದಕ್ಕೆ ನಾನು ಒಂದು ಸೆಕೆಂಡ್ ಹ್ಯಾಂಡ್ ಟ್ಯಾಬ್ಲೆಟ್ ಕಂಪ್ಯೂಟರ್ ತಂದೆ. ನೋಡಲು ಲ್ಯಾಪ್‌ಟಾಪ್ ಥರಾನೇ. ಆದರೆ ಪರದೆಯನ್ನು ಅರ್ಧ ಸುತ್ತು ತಿರುಗಿಸಿ ಕೀಬೋರ್ಡ್ ಮೇಲೆ ಮಲಗಿಸಿದರೆ ಸ್ಲೇಟಾಗುತ್ತದೆ. 12.5 ಇಂಚಿನ ಪರದೆ, ಬದಿಯ ಗೂಡಿನಲ್ಲಿ ಒಂದು ಪೆನ್.

ಹೊರಗೆ ಪುನರ್ವಸು ಮಳೆ ಹೊಯ್ಯುತ್ತಿತ್ತು. ಅತ್ತಿಗೆ ಪೆನ್ ಹಿಡಿದು ಒಂದು ಎಳೆ ಎಳೆದರು. ಪೆನ್ ಬಲಕ್ಕೆ ಹೋಯಿತು, ಗೆರೆ ಕೆಳಕ್ಕೆ ಇಳಿಯಿತು.

“ಎಂತ ಮಾರಾಯ ಇದು! ನಾನು ಇಲ್ಲಿ ಬರದ್ರೆ ಅದು ಅಲ್ಲೆಲ್ಲೋ ಬರೀತದಲ್ಲ. ನಮ್ಮ ಗೋಡೆ ಹಿಂಗೆಲ್ಲ ಆಟ ಆಡಲ್ಲ ನೋಡು.”

ನಾನು ಜಾಣನ ಹಾಗೆ “ತಡೀರಿ ಅತ್ತಿಗೆ, ಕ್ಯಾಲಿಬ್ರೇಟ್ ಮಾಡ್ತೀನಿ” ಅಂದೆ. ಒಂದು ಸಲ ಮಾಡಿದೆ, ಇನ್ನೂ ಕೆಟ್ಟಿತು. ಮೂರನೇ ಸಲ ಮುಗಿಸುವ ಹೊತ್ತಿಗೆ ಪೆನ್ನಿನಿಂದ ‘ಕ್ಯಾನ್ಸಲ್’ ಬಟನ್ ಒತ್ತಲೂ ಆಗದ ಸ್ಥಿತಿ. ಅವತ್ತು ನಾನು ಮಾಡಿದ ತಪ್ಪನ್ನೇ ಬಹಳ ಜನ ಮಾಡುತ್ತಾರೆ. ಆದ್ದರಿಂದ ಅಲ್ಲಿಂದಲೇ ಶುರು ಮಾಡುತ್ತೇನೆ.

ಕ್ಯಾಲಿಬ್ರೇಷನ್‌ಗೆ ಈಗಲೇ ಕೈ ಹಾಕಬೇಡಿ

ಇಲ್ಲಿ ಮೂರು ಬೇರೆ ಬೇರೆ ಸಂಗತಿಗಳಿವೆ. ಮೊದಲನೆಯದು ಪರದೆಯ ಮೇಲಿನ ಚಿತ್ರ. ಅದನ್ನು ಗ್ರಾಫಿಕ್ಸ್ ಡ್ರೈವರ್ ಅನ್ನುವ ತಂತ್ರಾಂಶ ತಿರುಗಿಸುತ್ತದೆ. ಎರಡನೆಯದು ಪೆನ್ನಿನ ಲೆಕ್ಕ, ಅಂದರೆ ಪೆನ್ ಈಗ ಎಲ್ಲಿದೆ ಅಂತ ಹೇಳುವ ಅಂಕಿಗಳು. ಅವು ಗಾಜಿನ ಹಿಂದಿರುವ ಒಂದು ಹಲಗೆಯಿಂದ ಬರುತ್ತವೆ. ಆ ಹಲಗೆ ಎಲ್ಲೂ ತಿರುಗುವುದಿಲ್ಲ, ಪರದೆಯ ಹಿಂದೆ ಅಂಟಿಕೊಂಡೇ ಇರುತ್ತದೆ. ಚಿತ್ರ ತಿರುಗಿದಾಗ ಈ ಅಂಕಿಗಳನ್ನೂ ತಿರುಗಿಸಬೇಕಾದ್ದು ಪೆನ್ನಿನ ಡ್ರೈವರ್. ಮೂರನೆಯದು ಕ್ಯಾಲಿಬ್ರೇಷನ್. ಪೆನ್ನಿನ ತುದಿಗೂ ಪರದೆಯ ಮೇಲಿನ ಬಾಣಕ್ಕೂ (ಕರ್ಸರ್) ಎರಡು ಮೂರು ಮಿಲಿಮೀಟರ್ ವ್ಯತ್ಯಾಸವಿದ್ದರೆ ಅದನ್ನು ಸರಿದೂಗಿಸುವ ಸಣ್ಣ ತಿದ್ದುಪಡಿ, ಅಷ್ಟೇ.

ಎರಡನೆಯದು ಕೆಟ್ಟಿರುವಾಗ ಮೂರನೆಯದನ್ನು ಮಾಡಿದರೆ ಏನಾಗುತ್ತದೆ? ಸರ್ವೆ ನಕ್ಷೆಯನ್ನು ತಲೆಕೆಳಗೆ ಹಿಡಿದುಕೊಂಡು ಪಕ್ಕದ ತೋಟದವರ ಹತ್ತಿರ ಬೇಲಿ ಜಗಳಕ್ಕೆ ಹೋದ ಹಾಗೆ. ನನ್ನ ಮೂರು ಸಲದ ಕ್ಯಾಲಿಬ್ರೇಷನ್ ಕಥೆಯೂ ಅದೇ ಆಗಿತ್ತು.

ಹಾಗಾಗಿ ಮೊದಲು ಪರೀಕ್ಷೆ. ಕಂಪ್ಯೂಟರಿನಲ್ಲಿ ಪೇಂಟ್ ಅನ್ನುವ ತಂತ್ರಾಂಶ ತೆರೆಯಿರಿ, ಪೂರ್ತಿ ಪರದೆ ಮಾಡಿ. ಪೆನ್ನಿನಿಂದ ಐದು ಚುಕ್ಕೆ ಇಡಿ: ನಾಲ್ಕು ಮೂಲೆಗೆ ಒಂದೊಂದು, ನಡುವೆ ಒಂದು. ಆಮೇಲೆ ಎಡದಿಂದ ಬಲಕ್ಕೆ ಒಂದು ಉದ್ದ ಗೆರೆ, ಮೇಲಿನಿಂದ ಕೆಳಕ್ಕೆ ಒಂದು, ಓರೆಯಾಗಿ ಒಂದು. ಓರೆ ಗೆರೆಯನ್ನು ಸ್ಕೇಲ್ ಇಟ್ಟು ನಿಧಾನವಾಗಿ ಎಳೆಯಿರಿ, ಅದರ ಉಪಯೋಗ ಮುಂದಿದೆ.

ಪೆನ್ ಬಲಕ್ಕೆ ಹೋದಾಗ ಬಾಣ ಮೇಲಕ್ಕೋ ಕೆಳಕ್ಕೋ ಹೋದರೆ, ಅಥವಾ ಪೂರ್ತಿ ಉಲ್ಟಾ ಎಡಕ್ಕೆ ಹೋದರೆ, ಅದು ತಿರುಗುವಿಕೆಯ ತೊಂದರೆ. ನಡುವಿನ ಚುಕ್ಕೆ ಸರಿಯಾಗಿದ್ದು ಮೂಲೆಗೆ ಹೋದಂತೆ ಒಂದೇ ಸಮನೆ ದೂರವಾಗುತ್ತಿದ್ದರೆ, ಅಥವಾ ಎಡ ಮೂಲೆ ಸರಿಯಿದ್ದು ಬಲಕ್ಕೆ ಹೋದಂತೆ ಹಾಳಾಗುತ್ತಿದ್ದರೆ, ಪೆನ್ನಿನ ಹಲಗೆಯ ಅಳತೆಗೂ ಪರದೆಯ ಅಳತೆಗೂ ತಾಳೆ ಇಲ್ಲ ಅಂತ. ಪ್ರೊಜೆಕ್ಟರ್ ಅಥವಾ ಎರಡನೇ ಮಾನಿಟರ್ ಸಿಕ್ಕಿಸಿದಾಗ ಇದು ಸಾಮಾನ್ಯ. ಪೆನ್ ಎರಡೂ ಪರದೆಗೆ ಹರಡಿಕೊಂಡುಬಿಡುತ್ತದೆ. ಐದೂ ಚುಕ್ಕೆ ಒಂದೇ ದಿಕ್ಕಿಗೆ ಒಂದೇ ಅಳತೆ ಜಾರಿದ್ದರೆ ಮಾತ್ರ ಅದು ನಿಜವಾದ ಕ್ಯಾಲಿಬ್ರೇಷನ್ ತೊಂದರೆ. ನಡುವೆಲ್ಲ ಚೆನ್ನಾಗಿದ್ದು ಕೊನೆಯ ಒಂದೆರಡು ಸೆಂಟಿಮೀಟರ್‌ನಲ್ಲಿ ಮಾತ್ರ ಬಾಣ ಒದ್ದಾಡಿದರೆ ಅದು ಅಂಚಿನ ರೋಗ. ಅದಕ್ಕೆ ಮದ್ದು ಬೇರೆ.

ನಿಮ್ಮ ಪೆನ್ ಯಾವ ಜಾತಿಯದು

ಇದನ್ನು ತಿಳಿಯದೆ ಮುಂದೆ ಹೋಗುವುದು ದಂಡ. ಪೆನ್ನನ್ನು ಗಾಜಿನಿಂದ ಅರ್ಧ ಸೆಂಟಿಮೀಟರ್ ಮೇಲೆ ಹಿಡಿದು ಆಡಿಸಿ. ಮುಟ್ಟದೆಯೇ ಬಾಣ ಓಡಾಡಿತಾ? ಒಳಗೆ ಬ್ಯಾಟರಿಯೂ ಇಲ್ಲವಾ? ಹಾಗಾದರೆ ಅದು ವಿದ್ಯುತ್ಕಾಂತದ ಪೆನ್. ಬಹುಪಾಲು ವಾಕಮ್ ಕಂಪನಿಯ ತಂತ್ರಜ್ಞಾನದ್ದು. ಗಾಜಿನ ಹಿಂದಿನ ಹಲಗೆಯಲ್ಲಿ ತಂತಿಗಳ ಬಲೆ ಇರುತ್ತದೆ. ಅದು ಸಣ್ಣ ಕಾಂತಕ್ಷೇತ್ರ ಹರಡುತ್ತದೆ, ಪೆನ್ನಿನ ಒಳಗಿನ ಸುರುಳಿ ಅದರಿಂದಲೇ ಶಕ್ತಿ ತೆಗೆದುಕೊಂಡು ಉತ್ತರ ಕೊಡುತ್ತದೆ. ಥಿಂಕ್‌ಪ್ಯಾಡ್‌ನ ಎಕ್ಸ್‌61, ಎಕ್ಸ್‌201, ಎಕ್ಸ್‌220 ಟ್ಯಾಬ್ಲೆಟ್‌ಗಳು, 2013ರ ಮೊದಲ ಸರ್ಫೇಸ್ ಪ್ರೊ ಎಲ್ಲ ಈ ಜಾತಿ. 2014ರ ಸರ್ಫೇಸ್ ಪ್ರೊ 3ರಿಂದ ಎನ್-ಟ್ರಿಗ್ ಕಂಪನಿಯ ಬೇರೆ ಜಾತಿಯ ಪೆನ್ ಬಂತು. ಅದಕ್ಕೆ ಬ್ಯಾಟರಿ ಬೇಕು, ಅದೂ ನಾಲ್ಕು ‘ಎ’ ಇರುವ ತೆಳ್ಳನೆಯ ಸೆಲ್. ಅದು ನಮ್ಮ ಕಡೆ ಅಂಗಡಿಯಲ್ಲಿ ಸುಮ್ನೆ ಕೇಳಿದರೆ ಸಿಗುವ ವಸ್ತುವಲ್ಲ. ಅಂಥ ಪೆನ್ ಬಿಟ್ಟು ಬಿಟ್ಟು ಬರೆಯುತ್ತಿದ್ದರೆ ಮೊದಲು ಸೆಲ್ ಬದಲಿಸಿ ನೋಡಿ.

ಪೆನ್ ಕಳೆದುಕೊಂಡವರಿಗೆ ಒಂದು ಒಳ್ಳೆಯ ಸುದ್ದಿ. ಸ್ಯಾಮ್‌ಸಂಗ್ ಗ್ಯಾಲಕ್ಸಿ ನೋಟ್ ಫೋನಿನ ಎಸ್ ಪೆನ್ ಈ ವಾಕಮ್ ಟ್ಯಾಬ್ಲೆಟ್ ಕಂಪ್ಯೂಟರ್‌ಗಳಲ್ಲಿ ಕೆಲಸ ಮಾಡುತ್ತದೆ. ಆದರೆ ಯುಎಸ್‌ಬಿಗೆ ಸಿಕ್ಕಿಸುವ ಬ್ಯಾಂಬೂ, ಇಂಟ್ಯೂಯಸ್ ಹಲಗೆಗಳ ಪೆನ್ ಕೆಲಸ ಮಾಡುವುದಿಲ್ಲ. ಎರಡೂ ವಾಕಮ್ ಅಂತ ನಂಬಿ ದುಡ್ಡು ಕೊಡಬೇಡಿ. ಇನ್ನೊಂದು ಮಾತು: ಪೆನ್ ಬದಲಾದರೆ ಕ್ಯಾಲಿಬ್ರೇಷನ್ ಮತ್ತೆ ಮಾಡಬೇಕು. ಒಂದೊಂದು ಪೆನ್ನಿನಲ್ಲಿ ಸುರುಳಿ ತುದಿಯಿಂದ ಒಂದೊಂದು ದೂರದಲ್ಲಿ ಕೂತಿರುತ್ತದೆ.

ಚಿತ್ರ ತಿರುಗಿಸುವುದು: ವಿಂಡೋಸ್‌ನಲ್ಲಿ

ಮೊದಲು ಪರದೆಯನ್ನು ಮಾಮೂಲಿ ಅಡ್ಡ ಸ್ಥಿತಿಗೆ ತನ್ನಿ. ಡೆಸ್ಕ್‌ಟಾಪ್ ಮೇಲೆ ರೈಟ್ ಕ್ಲಿಕ್ ಮಾಡಿ, ಡಿಸ್‌ಪ್ಲೇ ಸೆಟ್ಟಿಂಗ್ಸ್‌ಗೆ ಹೋಗಿ, ಓರಿಯೆಂಟೇಷನ್ ಅನ್ನುವಲ್ಲಿ ಲ್ಯಾಂಡ್‌ಸ್ಕೇಪ್ ಆರಿಸಿ. ವಿಂಡೋಸ್ 7ರಲ್ಲಿ ಇದೇ ಜಾಗಕ್ಕೆ ಸ್ಕ್ರೀನ್ ರೆಸಲ್ಯೂಷನ್ ಅಂತ ಹೆಸರು. ಅಲ್ಲೇ ರೆಸಲ್ಯೂಷನ್ನನ್ನೂ ನೋಡಿ, ‘ರೆಕಮೆಂಡೆಡ್’ ಅಂತ ಇರುವುದೇ ಇರಲಿ. ಅಕ್ಷರ ದೊಡ್ಡದಾಗಲಿ ಅಂತ ಯಾರಾದರೂ ರೆಸಲ್ಯೂಷನ್ ಇಳಿಸಿದ್ದರೆ, ಚಿತ್ರದ ಎರಡೂ ಬದಿಗೆ ಕಪ್ಪು ಪಟ್ಟಿ ಬಂದು ಪೆನ್ನಿನ ಲೆಕ್ಕ ತಪ್ಪಬಹುದು.

ಪರದೆ ಇದ್ದಕ್ಕಿದ್ದಂತೆ ತಲೆಕೆಳಗಾಯಿತು ಅಂತ ಹೌಹಾರುವವರು ಜಾಸ್ತಿ. ಇಂಟೆಲ್ ಗ್ರಾಫಿಕ್ಸ್ ಇರುವ ಹಳೆಯ ಯಂತ್ರಗಳಲ್ಲಿ ಕಂಟ್ರೋಲ್, ಆಲ್ಟ್ ಮತ್ತು ಬಾಣದ ಕೀ ಒಟ್ಟಿಗೆ ಒತ್ತಿದರೆ ಪರದೆ ತಿರುಗುತ್ತದೆ. ಕೆಳಬಾಣ ಒತ್ತಿದರೆ ತಲೆಕೆಳಗು, ಮೇಲ್ಬಾಣ ಒತ್ತಿದರೆ ಸರಿ. ನಮ್ಮನೆ ಬೆಕ್ಕು ಒಮ್ಮೆ ಕೀಬೋರ್ಡ್ ಮೇಲೆ ಮಲಗಿ ಈ ಕೆಲಸ ಮಾಡಿತ್ತು. ಹೊಸ ಡ್ರೈವರ್‌ಗಳಲ್ಲಿ ಈ ಕೀಲಿ ಇಲ್ಲ.

ಕೆಲವು ಮಾದರಿಗಳಲ್ಲಿ ಪರದೆಯ ಚೌಕಟ್ಟಿನಲ್ಲೇ ತಿರುಗಿಸುವ ಬಟನ್ ಇರುತ್ತದೆ. ಅದನ್ನು ಒತ್ತಿದರೂ ಏನೂ ಆಗದಿದ್ದರೆ ಬಟನ್ ಕೆಟ್ಟಿದೆ ಅಂದುಕೊಳ್ಳಬೇಡಿ. ಹೊಸದಾಗಿ ವಿಂಡೋಸ್ ಹಾಕಿದಾಗ ತಯಾರಕರ ಬಟನ್ ಸಾಫ್ಟ್‌ವೇರ್ ಬಂದಿರುವುದಿಲ್ಲ. ಯಂತ್ರದ ಅಡಿಯಲ್ಲಿ ಮಾದರಿ ಸಂಖ್ಯೆ ನೋಡಿಕೊಂಡು ಅದೇ ಕಂಪನಿಯ ಸಪೋರ್ಟ್ ಪುಟದಿಂದ ಹಾಟ್‌ಕೀ, ಪೆನ್ ಮತ್ತು ಗ್ರಾಫಿಕ್ಸ್ ಡ್ರೈವರ್ ಮೂರನ್ನೂ ಇಳಿಸಿಕೊಳ್ಳಿ.

ತಾನಾಗಿ ತಿರುಗುವುದು ನಿಂತುಹೋಗಿದ್ದರೆ ನೋಡುವ ಕ್ರಮ ಹೀಗೆ. ವಿಂಡೋಸ್ 8, 10ರಲ್ಲಿ ವಿಂಡೋಸ್ ಕೀ ಜೊತೆ ‘ಓ’ ಒತ್ತಿ. ರೊಟೇಷನ್ ಲಾಕ್ ಹಾಕುವುದೂ ತೆಗೆಯುವುದೂ ಅದೇ ಕೀ. ಲಾಕ್ ಬಟನ್ ಮಂಕಾಗಿ, ಒತ್ತಲು ಬಾರದಂತೆ ಇದೆಯಾ? ಹಾಗಿದ್ದರೆ ಕೀಬೋರ್ಡ್ ಇನ್ನೂ ತೆರೆದೇ ಇದೆ ಅಂತ ಯಂತ್ರ ತಿಳಿದಿದೆ. ಪರದೆಯನ್ನು ಪೂರ್ತಿ ತಿರುಗಿಸಿ ಮಲಗಿಸಿ, ಕೊಕ್ಕೆ ‘ಟಕ್’ ಅನ್ನುವವರೆಗೆ. ಬಹಳ ಮಾದರಿಗಳಲ್ಲಿ ಮುಚ್ಚಳ ಎಲ್ಲಿದೆ ಅಂತ ತಿಳಿಯಲು ಅಯಸ್ಕಾಂತದ ಸ್ವಿಚ್ ಇರುತ್ತದೆ. ಅಯಸ್ಕಾಂತದ ಗುಂಡಿ ಇರುವ ಪೌಚು ಹತ್ತಿರ ಇದ್ದರೆ ಅದು ಮೋಸ ಹೋಗುತ್ತದೆ. ನಾನು ಇದನ್ನು ಕಂಡುಹಿಡಿಯಲು ಎರಡು ಸಂಜೆ ಹಾಳು ಮಾಡಿದ್ದೇನೆ.

ಆಮೇಲೂ ಆಗದಿದ್ದರೆ ಸ್ಟಾರ್ಟ್ ಮೆನುವಿನಲ್ಲಿ ಸರ್ವೀಸಸ್ ಅಂತ ಹುಡುಕಿ, ಸೆನ್ಸರ್ ಮಾನಿಟರಿಂಗ್ ಸರ್ವೀಸ್ ತೆರೆದು, ಆಟೋಮ್ಯಾಟಿಕ್ ಮಾಡಿ, ಸ್ಟಾರ್ಟ್ ಒತ್ತಿ. ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ತ್ರಿಕೋನ ಇರುವ ಹೆಸರು ಕಂಡರೆ ಆ ಡ್ರೈವರ್ ಹಾಕಿ. ನನ್ನ ಮಟ್ಟಿಗೆ ಹೇಳುವುದಾದರೆ, ಹಳೆಯ ಯಂತ್ರದಲ್ಲಿ ತಾನಾಗಿ ತಿರುಗುವುದು ಕಿರಿಕಿರಿಯೇ ಜಾಸ್ತಿ. ತೊಡೆ ಮೇಲಿಟ್ಟು ಸ್ವಲ್ಪ ವಾಲಿದರೆ ಸಾಕು, ಬರೆಯುತ್ತಿರುವಾಗಲೇ ಪರದೆ ಹೊರಳುತ್ತದೆ. ಲಾಕ್ ಹಾಕಿಯೇ ಇಟ್ಟಿದ್ದೇನೆ.

ಚಿತ್ರ ಸರಿಯಾದ ಮೇಲೆ ಪೆನ್ ಹಿಡಿದು ನೋಡಿ. ಚಿತ್ರ ತಿರುಗಿದೆ, ಪೆನ್ ತಿರುಗಿಲ್ಲ ಅಂತಾದರೆ ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ ಟ್ಯಾಬ್ಲೆಟ್ ಪಿಸಿ ಸೆಟ್ಟಿಂಗ್ಸ್ ತೆರೆಯಿರಿ. ಅಲ್ಲಿ ‘ಸೆಟಪ್’ ಅಂತ ಒಂದು ಬಟನ್ ಇದೆ. ಪೆನ್ ಅಥವಾ ಟಚ್ ಅಂತ ಕೇಳಿದರೆ ಪೆನ್ ಅನ್ನಿ. ಒಂದು ಬಿಳಿ ಪರದೆ ಬಂದು ಇಲ್ಲಿ ಮುಟ್ಟು ಅನ್ನುತ್ತದೆ. ಆ ಮಾತು ಪ್ರೊಜೆಕ್ಟರ್ ಮೇಲೆ ಕಂಡರೆ ಎಂಟರ್ ಒತ್ತಿ, ಮುಂದಿನ ಪರದೆಗೆ ಹೋಗುತ್ತದೆ. ನಿಮ್ಮ ಟ್ಯಾಬ್ಲೆಟ್ ಮೇಲೆ ಬಂದಾಗ ಪೆನ್ನಿನಿಂದ ಮುಟ್ಟಿ. ಪೆನ್ ಎರಡು ಪರದೆಗೆ ಹರಡಿಕೊಳ್ಳುವ ತೊಂದರೆ ಇಷ್ಟಕ್ಕೇ ಹೋಗುವುದುಂಟು.

ನಂತರ ಅಲ್ಲೇ ‘ರೀಸೆಟ್’ ಒತ್ತಿ. ಹಿಂದೆ ಮಾಡಿದ ಕ್ಯಾಲಿಬ್ರೇಷನ್ ಎಲ್ಲ ಅಳಿಸುತ್ತದೆ. ನನ್ನ ಮೂರು ಪ್ರಯತ್ನಗಳ ಪಾಪ ಕಳೆದದ್ದು ಇಲ್ಲಿಯೇ. ಅಳಿಸಿದ ಕೂಡಲೇ ಪೆನ್ ಮುಕ್ಕಾಲು ಪಾಲು ಸರಿಯಾಗಿತ್ತು. ವಾಕಮ್ ಡ್ರೈವರ್‌ನ ಒಳಗೂ ಬೇರೆ ಕ್ಯಾಲಿಬ್ರೇಷನ್ ಇದ್ದರೆ ಅದನ್ನೂ ಮೂಲ ಸ್ಥಿತಿಗೆ ತನ್ನಿ. ಎರಡು ಕಡೆ ತಿದ್ದಿದರೆ ಒಂದರ ಮೇಲೆ ಒಂದು ಕೂತು ಲೆಕ್ಕ ಕೆಡುತ್ತದೆ.

ಲಿನಕ್ಸ್ ಹಾಕಿಕೊಂಡವರಿಗೆ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಲ್ಲಿಸಿತು. ನಮ್ಮಂಥ ಹಳೆಯ ಯಂತ್ರಗಳು ವಿಂಡೋಸ್ 11ರ ಷರತ್ತಿಗೆ ಹೊಂದುವುದಿಲ್ಲ. ಹಾಗಾಗಿ ವಿಂಡೋಸ್ ಬದಲು ಹಾಕಿಕೊಳ್ಳಬಹುದಾದ ಲಿನಕ್ಸ್ ಕಡೆ ಹೊರಳಿದವರು ಕಡಿಮೆ ಇಲ್ಲ, ನಾನೂ ಒಬ್ಬ.

ಗ್ನೋಮ್ ಡೆಸ್ಕ್‌ಟಾಪ್ ಇದ್ದರೆ ಕೆಲಸ ಹಗುರ. ಸೆಟ್ಟಿಂಗ್ಸ್‌ನಲ್ಲಿ ಡಿಸ್‌ಪ್ಲೇಯಿಂದ ತಿರುಗಿಸಿದರೆ ಸಾಮಾನ್ಯವಾಗಿ ಪೆನ್ನೂ ಜೊತೆಗೇ ತಿರುಗುತ್ತದೆ. ವಾಕಮ್ ಟ್ಯಾಬ್ಲೆಟ್ ಅನ್ನುವ ಪುಟದಲ್ಲಿ ಕ್ಯಾಲಿಬ್ರೇಟ್ ಬಟನ್ ಸಿಗುತ್ತದೆ. ಹಗುರವಾದ ಡೆಸ್ಕ್‌ಟಾಪ್ ಹಾಕಿಕೊಂಡವರು ಟರ್ಮಿನಲ್ ತೆರೆಯಬೇಕು. ಅಲ್ಲಿ ಚಿತ್ರ ತಿರುಗಿಸುವ ಆಜ್ಞೆಯೇ ಬೇರೆ, ಪೆನ್ ತಿರುಗಿಸುವ ಆಜ್ಞೆಯೇ ಬೇರೆ. ಚಿತ್ರಕ್ಕೆ ಇರುವುದು ಎಕ್ಸ್-ಆರ್-ಎ-ಎನ್-ಡಿ-ಆರ್. ಅದರ ಮುಂದೆ ಜಾಗ ಬಿಟ್ಟು ಹೈಫನ್ ಮತ್ತು ಓ, ಮತ್ತೆ ಜಾಗ ಬಿಟ್ಟು ಲೆಫ್ಟ್ ಅಂತ ಇಂಗ್ಲಿಷ್‌ನಲ್ಲಿ ಸಣ್ಣ ಅಕ್ಷರದಲ್ಲಿ ಹೊಡೆದರೆ ಪರದೆ ಎಡಕ್ಕೆ ಹೊರಳುತ್ತದೆ. ಲೆಫ್ಟ್ ಜಾಗದಲ್ಲಿ ನಾರ್ಮಲ್ ಅಂತ ಹೊಡೆದರೆ ವಾಪಸ್.

ಪೆನ್ನಿಗೆ ಎಕ್ಸ್, ಸೆಟ್, ವಾಕಮ್ ಮೂರನ್ನೂ ಕೂಡಿಸಿ ಬರೆದ ಆಜ್ಞೆ. ಅದರ ಮುಂದೆ ಲಿಸ್ಟ್ ಅಂತ ಹಾಕಿದರೆ ಹೆಸರುಗಳ ಪಟ್ಟಿ ಬರುತ್ತದೆ. ಪೆನ್ನಿನ ತುದಿಗೆ ಒಂದು ಹೆಸರು, ಹಿಂಬದಿಯ ರಬ್ಬರಿಗೆ ಇನ್ನೊಂದು, ಬೆರಳಿನ ಟಚ್ ಇದ್ದರೆ ಅದಕ್ಕೆ ಮತ್ತೊಂದು. ಆಮೇಲೆ ಅದೇ ಆಜ್ಞೆ, ಸೆಟ್, ಉದ್ಧರಣ ಚಿಹ್ನೆಯೊಳಗೆ ಆ ಹೆಸರು, ರೊಟೇಟ್, ಕೊನೆಗೆ ದಿಕ್ಕು. ಚಿತ್ರ ಲೆಫ್ಟ್ ಆಗಿದ್ದರೆ ದಿಕ್ಕಿನ ಜಾಗದಲ್ಲಿ ಸಿ-ಸಿ-ಡಬ್ಲ್ಯೂ, ರೈಟ್ ಆಗಿದ್ದರೆ ಸಿ-ಡಬ್ಲ್ಯೂ, ತಲೆಕೆಳಗಾಗಿದ್ದರೆ ಹಾಫ್, ಮಾಮೂಲಿಗೆ ನನ್. ತುದಿಗೆ ಮಾತ್ರ ಮಾಡಿ ರಬ್ಬರನ್ನು ಮರೆಯುವುದು ಎಲ್ಲರೂ ಮಾಡುವ ತಪ್ಪು. ಬರೆಯುವಾಗ ಸರಿ, ಅಳಿಸಲು ಹೋದರೆ ಎಲ್ಲೋ ಅಳಿಸುತ್ತದೆ. ಅತ್ತಿಗೆ ಒಂದು ಮೂಲೆಯ ಎಳೆ ಒರೆಸಲು ಹೋಗಿ ನಡುವಿನ ಹಸೆ ಒರೆಸಿದ್ದು ಹೀಗೆ. ಪುಣ್ಯಕ್ಕೆ, ಮಾಡಿದ್ದನ್ನು ವಾಪಸ್ ಪಡೆಯುವ ‘ಅನ್‌ಡೂ’ ಇದೆ.

ಈ ಆಜ್ಞೆಗಳು ಕಂಪ್ಯೂಟರ್ ಆರಿಸಿದರೆ ಮರೆತುಹೋಗುತ್ತವೆ. ಒಂದು ಫೈಲಿನಲ್ಲಿ ಎಲ್ಲವನ್ನೂ ಬರೆದು, ಲಾಗಿನ್ ಆದಾಗ ತಾನೇ ಓಡುವಂತೆ ಸ್ಟಾರ್ಟಪ್ ಪಟ್ಟಿಗೆ ಸೇರಿಸಿ. ವೇಲ್ಯಾಂಡ್ ಅನ್ನುವ ಹೊಸ ಬಗೆಯ ಸೆಷನ್‌ನಲ್ಲಿ ಇವು ನಡೆಯುವುದಿಲ್ಲ. ಲಾಗಿನ್ ಪರದೆಯಲ್ಲಿ ಎಕ್ಸ್ ಸೆಷನ್ ಆರಿಸಿಕೊಂಡು ಒಳಗೆ ಹೋಗಿ.

ಈಗ ಕ್ಯಾಲಿಬ್ರೇಷನ್

ಇಲ್ಲಿ ಅವಸರ ಮಾಡಿದವರು ಮತ್ತೆ ಮಾಡುತ್ತಾರೆ. ಮೊದಲು ಗಾಜು ಒರೆಸಿ. ಪೆನ್ನಿನ ಹಲಗೆಗೆ ತೇವದ ಹಂಗಿಲ್ಲ, ಆದರೆ ಬೆರಳಿನ ಟಚ್‌ಗೆ ಮಳೆಗಾಲದ ಒದ್ದೆ ಕೈ ಆಗದು. ಅಂಗೈ ತಾಗಿ ಬಾಣ ಹಾರುತ್ತದೆ. ಟಚ್ ಇರುವ ಯಂತ್ರವಾದರೆ ಕ್ಯಾಲಿಬ್ರೇಷನ್ ಹೊತ್ತಿಗಾದರೂ ಅದನ್ನು ಬಂದ್ ಮಾಡಿ. ವಿಂಡೋಸ್ 7ರಲ್ಲಿ ಪೆನ್ ಅಂಡ್ ಟಚ್ ಪುಟದಲ್ಲಿ ಇದೆ. 10ರಲ್ಲಿ ಡಿವೈಸ್ ಮ್ಯಾನೇಜರ್‌ಗೆ ಹೋಗಿ, ಹ್ಯೂಮನ್ ಇಂಟರ್‌ಫೇಸ್ ಡಿವೈಸಸ್ ಅಡಿಯಲ್ಲಿ ಟಚ್ ಸ್ಕ್ರೀನ್ ಅಂತ ಇರುವುದನ್ನು ಡಿಸೇಬಲ್ ಮಾಡಿ. ಚಿತ್ರ ಬರೆಯುವವರು ಹಾಗೇ ಬಿಟ್ಟರೂ ನಷ್ಟವಿಲ್ಲ.

ನೀವು ಬರೆಯುವಾಗ ಹೇಗೆ ಕೂರುತ್ತೀರೋ ಹಾಗೇ ಕೂರಿ. ಇದು ಸಣ್ಣ ಮಾತಲ್ಲ. ಗಾಜಿಗೂ ಅದರ ಕೆಳಗಿನ ಚಿತ್ರಕ್ಕೂ ನಡುವೆ ಸ್ವಲ್ಪ ದಪ್ಪ ಇದೆ. ತಿಳಿನೀರಿನ ಬಾವಿಯಲ್ಲಿ ಕೊಡ ಇರುವ ಜಾಗ ಒಂದು, ಕಾಣುವ ಜಾಗ ಇನ್ನೊಂದು ಅಲ್ವಾ, ಇಲ್ಲೂ ಅಷ್ಟೇ: ಕಣ್ಣು ಎಲ್ಲಿದೆ ಅನ್ನುವುದರ ಮೇಲೆ ಗುರುತು ಕಾಣುವ ಜಾಗ ಬದಲಾಗುತ್ತದೆ. ನಾನು ಮೇಜಿನ ಮೇಲಿಟ್ಟು, ಕುರ್ಚಿಯಲ್ಲಿ ಕೂತು ಮಾಡಿದ್ದ ಕ್ಯಾಲಿಬ್ರೇಷನ್ ಅತ್ತಿಗೆಗೆ ಆಗಿಬರಲಿಲ್ಲ. ಅವರು ನೆಲದ ಮೇಲೆ ಮಣೆ ಹಾಕಿ ಕೂತು, ಯಂತ್ರವನ್ನು ಮುಂದೆ ಚಪ್ಪಟೆ ಇಟ್ಟು, ಬಗ್ಗಿ ಬರೆಯುತ್ತಾರೆ. ಕೊನೆಗೆ ಅವರ ಕೈಗೇ ಪೆನ್ ಕೊಟ್ಟೆ. ಮನೆಯಲ್ಲಿ ಇಬ್ಬರು ಬಳಸಿದರೆ ಜಾಸ್ತಿ ಬರೆಯುವವರ ಕಣ್ಣೇ ಲೆಕ್ಕ.

ಟ್ಯಾಬ್ಲೆಟ್ ಪಿಸಿ ಸೆಟ್ಟಿಂಗ್ಸ್‌ನಲ್ಲಿ ಕ್ಯಾಲಿಬ್ರೇಟ್ ಒತ್ತಿ, ಪೆನ್ ಇನ್‌ಪುಟ್ ಆರಿಸಿ. ಕೂಡು ಗುರುತಿನಂಥ ಗುರುತು ಒಂದೊಂದಾಗಿ ಬರುತ್ತದೆ. ಹೊಸ ವಿಂಡೋಸ್‌ಗಳಲ್ಲಿ ಒಟ್ಟು 16. ಗುರುತಿನ ನಡುವೆ, ಬರೆಯುವಾಗ ಹಿಡಿಯುವ ಓರೆಯಲ್ಲೇ ಪೆನ್ ಹಿಡಿದು ಮುಟ್ಟಿ. ಬಾಣ ಎಲ್ಲಿದೆ ಅಂತ ನೋಡಲೇಬೇಡಿ, ಪೆನ್ನಿನ ತುದಿಯನ್ನು ಮಾತ್ರ ನೋಡಿ. ಬಾಣ ನೋಡಿ ಅದನ್ನು ಗುರುತಿಗೆ ಕೂರಿಸಲು ಹೋದರೆ ಇದ್ದ ತಪ್ಪನ್ನೇ ಖಾಯಂ ಮಾಡಿದ ಹಾಗೆ. ಒಂದು ಗುರುತು ತಪ್ಪಿದರೆ ಪೆನ್ನಿನ ಬದಿಯ ಬಟನ್ ಹಿಡಿದು ರೈಟ್ ಕ್ಲಿಕ್ ಮಾಡಿ, ಹಿಂದಿನ ಗುರುತಿಗೆ ಹೋಗುತ್ತದೆ. ಪೂರ್ತಿ ಬಿಡಬೇಕೆಂದರೆ ಎಸ್ಕೇಪ್. ನಡುವೆ ಪರದೆ ತಿರುಗಿಸಬಾರದು. ಕೊನೆಗೆ ಉಳಿಸಲಾ ಅಂತ ಕೇಳುತ್ತದೆ, ಯೆಸ್ ಅನ್ನಿ.

ನೀವು ನಿಲುವಾಗಿಯೂ ಬರೆಯುತ್ತೀರಾದರೆ, ಪರದೆಯನ್ನು ನಿಲುವು ಮಾಡಿಕೊಂಡು ಐದು ಚುಕ್ಕೆಯ ಪರೀಕ್ಷೆ ಮತ್ತೆ ಮಾಡಿ. ಜಾರಿದ್ದರೆ ಅಲ್ಲಿಯೂ ಒಂದು ಸಲ ಕ್ಯಾಲಿಬ್ರೇಟ್ ಮಾಡಿ.

ಎಷ್ಟು ಸರಿಯಾದರೆ ಸಾಕು? 12.5 ಇಂಚಿನ, 1366ಕ್ಕೆ 768 ಪಿಕ್ಸೆಲ್‌ನ ಪರದೆಯಲ್ಲಿ ಒಂದು ಪಿಕ್ಸೆಲ್ ಸುಮಾರು 0.2 ಮಿಲಿಮೀಟರ್. ಅಂದರೆ 2 ಮಿಲಿಮೀಟರ್ ತಪ್ಪು 10 ಪಿಕ್ಸೆಲ್ ಆಯಿತು. ಅಡಿಕೆ ಲೆಕ್ಕ ಬರೆಯಲು ಅದು ಏನೂ ಅಲ್ಲ. ಚಿತ್ತಾರದಲ್ಲಿ ಎರಡು ಎಳೆ ಒಂದಾಗಿಬಿಡುತ್ತವೆ. ನಾವು ಅರ್ಧ ಮಿಲಿಮೀಟರ್ ಒಳಗೆ ಬಂದಾಗ ಸಾಕು ಅಂದೆವು.

ಅಂಚಿನ ರೋಗ

ಗಾಜಿನ ಹಿಂದಿನ ತಂತಿಗಳ ಬಲೆ ಅಂಚಿಗೆ ಬಂದು ಮುಗಿಯುತ್ತದೆ. ನಡುವೆ ಇದ್ದಾಗ ಪೆನ್ನಿನ ಉತ್ತರ ಎರಡೂ ಬದಿಯ ತಂತಿಗಳಿಗೆ ಕೇಳುತ್ತದೆ, ಅಂಚಿನಲ್ಲಿ ಒಂದೇ ಬದಿಗೆ. ಸಾಲದ್ದಕ್ಕೆ ಚೌಕಟ್ಟಿನ ಲೋಹ, ಹತ್ತಿರದ ಸ್ಪೀಕರ್. ಆದ್ದರಿಂದ ಈ ಜಾತಿಯ ಹಳೆಯ ಪರದೆಗಳಲ್ಲಿ ಅಂಚಿಗೆ ಬಾಣ ಜಾರುವುದು ಹುಟ್ಟುಗುಣ. 16 ಗುರುತಿನ ತಿದ್ದುಪಡಿಗೆ ಅದು ಪೂರ್ತಿ ಬಗ್ಗುವುದಿಲ್ಲ.

ವಿಂಡೋಸ್‌ನಲ್ಲಿ ಹೆಚ್ಚು ಗುರುತು ಇಟ್ಟು ಮಾಡುವ ದಾರಿ ಇದೆ. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಿರಿ. ಇಂಗ್ಲಿಷ್ ಅಕ್ಷರದಲ್ಲಿ ಹೊಡೆಯಬೇಕಾದ್ದು ಐದು ತುಂಡು, ಒಂದೊಂದರ ನಡುವೆ ಒಂದು ಜಾಗ. ಮೊದಲು ಟಿ-ಎ-ಬಿ-ಸಿ-ಎ-ಎಲ್. ಆಮೇಲೆ ಎಲ್-ಐ-ಎನ್-ಸಿ-ಎ-ಎಲ್. ಆಮೇಲೆ ‘ನೋ’ ಮತ್ತು ‘ವ್ಯಾಲಿಡೇಟ್’ ಎರಡನ್ನೂ ಕೂಡಿಸಿ. ನಾಲ್ಕನೆಯದು ಎಕ್ಸ್, ಗ್ರಿಡ್, ಪಿ-ಟಿ-ಎಸ್ ಕೂಡಿಸಿ, ಸಮ ಚಿಹ್ನೆ ಹಾಕಿ, ಎಡದಿಂದ ಬಲಕ್ಕೆ ಗುರುತು ಬೇಕಾದ ಪಿಕ್ಸೆಲ್‌ಗಳು. ಐದನೆಯದು ಎಕ್ಸ್ ಬದಲು ವೈ, ಮೇಲಿನಿಂದ ಕೆಳಗಿನ ಪಿಕ್ಸೆಲ್‌ಗಳು. ಅಂಕಿಗಳ ನಡುವೆ ಅಲ್ಪವಿರಾಮ ಇರಲಿ, ಜಾಗ ಬೇಡ.

ಅಂಚಿನಲ್ಲಿ ಒತ್ತೊತ್ತಾಗಿ, ನಡುವೆ ವಿರಳವಾಗಿ ಇಡುವುದೇ ಇದರ ಗುಟ್ಟು. 1366ಕ್ಕೆ 768ರ ಪರದೆಗೆ ಎಕ್ಸ್‌ನಲ್ಲಿ 10,50,200,450,683,916,1166,1316,1356 ಅಂತಲೂ, ವೈಯಲ್ಲಿ 10,50,200,384,568,718,758 ಅಂತಲೂ ಕೊಡಬಹುದು. ಒಟ್ಟು 63 ಗುರುತು. ಒಂದು ಲೋಟ ಕಷಾಯ ಪಕ್ಕಕ್ಕಿಟ್ಟುಕೊಂಡು ಮಾಡುವ ಕೆಲಸ. ಹೆಚ್ಚು ಆಸೆಪಟ್ಟು ಇನ್ನೂರು ಮುನ್ನೂರು ಗುರುತು ಇಟ್ಟರೆ ಕೈ ಸೋತು ತಪ್ಪು ಒತ್ತಿ, ಪರದೆಯ ನಡುವೆ ಹೊಸ ಗುಂಡಿ ಬೀಳುತ್ತದೆ. ಕೆಟ್ಟರೆ ರೀಸೆಟ್ ಇದ್ದೇ ಇದೆ.

ಇಷ್ಟಾಗಿಯೂ ನಮ್ಮ ಯಂತ್ರದ ಬಲ ಅಂಚಿನಲ್ಲಿ ಒಂದು ಬೆರಳಗಲ ಸರಿಹೋಗಲಿಲ್ಲ. ಅತ್ತಿಗೆ ಚಿತ್ರವನ್ನು ಸರಿಸಿ ನಡುವೆ ತಂದುಕೊಂಡು ಬರೆಯುತ್ತಾರೆ. ಕ್ರಿಟಾದಂಥ ತಂತ್ರಾಂಶದಲ್ಲಿ ಸ್ಪೇಸ್ ಬಾರ್ ಹಿಡಿದು ಹಾಳೆ ಎಳೆಯಬಹುದು.

ಗೆರೆ ನಡುಗುತ್ತಿದ್ದರೆ

ಸ್ಕೇಲ್ ಇಟ್ಟು ಎಳೆದ ಓರೆ ಗೆರೆ ನೋಡಿ. ಅದು ಹಾವಿನ ಹಾಗೆ ಬಳುಕಿದ್ದರೆ ಚಾರ್ಜರ್ ಕಿತ್ತು ಬ್ಯಾಟರಿ ಮೇಲೆ ಮತ್ತೊಂದು ಗೆರೆ ಎಳೆಯಿರಿ. ಈಗ ನೆಟ್ಟಗೆ ಬಂತಾ? ಹಾಗಾದರೆ ತಪ್ಪು ಚಾರ್ಜರ್‌ನದೋ ಮನೆಯ ಅರ್ತಿಂಗ್‌ನದೋ. ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿನ ಅಡಾಪ್ಟರ್‌ಗೆ ಸಿಕ್ಕಿಸಿದ್ದರೆ ಮೊದಲು ಅದನ್ನು ತೆಗೆಯಿರಿ. ಹಳೆಯ ಮನೆಗಳಲ್ಲಿ ಅರ್ತ್ ಗುಂಡಿ ಬೇಸಿಗೆಗೆ ಒಣಗಿರುತ್ತದೆ, ಅದಕ್ಕೆ ಎರಡು ಕೊಡ ನೀರು ಹೊಯ್ಯುವ ಪದ್ಧತಿ ಸುಮ್ನೆ ಬಂದದ್ದಲ್ಲ. ತಂತಿಯೇ ತುಂಡಾಗಿದ್ದರೆ ಎಲೆಕ್ಟ್ರಿಷಿಯನ್‌ಗೆ ಹೇಳಿ, ಅದು ಪೆನ್ನಿಗಿಂತ ದೊಡ್ಡ ವಿಷಯ. ಗುಡುಗು ಸಿಡಿಲಿನ ಹೊತ್ತಿಗೆ ಹೇಗೂ ಚಾರ್ಜರ್ ಕಿತ್ತಿಡುವುದೇ ಸರಿ.

ಒಂದೇ ಜಾಗದಲ್ಲಿ ಮಾತ್ರ ಬಾಣ ಕುಪ್ಪಳಿಸಿದರೆ ಯಂತ್ರದ ಕೆಳಗೆ, ಪಕ್ಕದಲ್ಲಿ ಏನಿದೆ ನೋಡಿ. ಮೊಬೈಲ್, ಸ್ಪೀಕರ್, ಅಯಸ್ಕಾಂತದ ಗುಂಡಿಯ ಪೌಚು ಯಾವುದಿದ್ದರೂ ದೂರ ಇಡಿ.

ಪೆನ್ ಗಾಜಿಗೆ ತಾಗದೆಯೇ ಗೆರೆ ಬೀಳುತ್ತಿದ್ದರೆ ಕಾರಣ ಪೆನ್ನಿನ ಮೊನೆ. ಧೂಳು, ಬೂಸ್ಟು ಸೇರಿ ಅದು ಒಳಗೇ ಸಿಕ್ಕಿಕೊಂಡಿರುತ್ತದೆ. ಸಣ್ಣ ಚಿಮಟದಿಂದ ನೇರವಾಗಿ ಹಿಡಿದು ಎಳೆದರೆ ಬರುತ್ತದೆ. ಒಣ ಬಟ್ಟೆಯಲ್ಲಿ ಒರೆಸಿ ಹಾಕಿ. ಒಂದು ಬದಿ ಸವೆದು ಚಪ್ಪಟೆಯಾಗಿದ್ದರೆ ಹೊಸ ಮೊನೆ ಹಾಕಿ, ಇಲ್ಲವಾದರೆ ಗಾಜಿಗೆ ಗೀರು ಬೀಳುತ್ತದೆ. ಮಳೆಗಾಲದಲ್ಲಿ ನಾವು ಯಂತ್ರವನ್ನು ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡುತ್ತೇವೆ. ಒಣಗಲಿ ಅಂತ ಒಲೆಯ ಮೇಲಿನ ಅಟ್ಟಕ್ಕೆ ಏರಿಸಬೇಡಿ. ಹಾಗೆ ಮಾಡಿದವರನ್ನು ನೋಡಿದ್ದೇನೆ.

ತಿರುಗಣೆ ಕೈಕೊಟ್ಟರೆ

ಕೊನೆಯದಾಗಿ ಒಂದು ಪರೀಕ್ಷೆ. ಪೆನ್ ಹಿಡಿದುಕೊಂಡೇ ಪರದೆಯನ್ನು ನಿಧಾನವಾಗಿ ಅರ್ಧ ಸುತ್ತು ತಿರುಗಿಸಿ. ಒಂದು ಕೋನದಲ್ಲಿ ಪೆನ್ ಸತ್ತು, ಇನ್ನೊಂದು ಕೋನದಲ್ಲಿ ಬದುಕಿದರೆ, ಅಥವಾ ಚಿತ್ರ ಮಿನುಗಿದರೆ, ಯಾವ ಸೆಟ್ಟಿಂಗೂ ಅದಕ್ಕೆ ನಾಟುವುದಿಲ್ಲ. ಪರದೆಗೂ ಪೆನ್ನಿನ ಹಲಗೆಗೂ ಹೋಗುವ ಕೇಬಲ್ ಆ ತಿರುಗಣೆಯ ತೂತಿನಲ್ಲೇ ಹಾದುಹೋಗುತ್ತದೆ. ಹತ್ತು ವರ್ಷ ತಿರುಚಿ ತಿರುಚಿ ಒಳಗೆ ಎಳೆ ಮುರಿದಿರುತ್ತದೆ. ಸಾಗರದಿಂದ ಶಿವಮೊಗ್ಗಕ್ಕೆ 70 ಕಿಲೋಮೀಟರ್ ಬಸ್ಸಿನಲ್ಲಿ ಹೊತ್ತುಕೊಂಡು ಹೋಗುವ ಮೊದಲು ರಿಪೇರಿಯವರಿಗೆ ಫೋನ್ ಮಾಡಿ, ಮಾದರಿ ಸಂಖ್ಯೆ ಹೇಳಿ, ಕೇಬಲ್ ತರಿಸಲು ಆಗುತ್ತದಾ ಅಂತ ಕೇಳಿಕೊಳ್ಳಿ. ಸಿಗುವುದಿಲ್ಲ ಅಂದರೆ, ಪೆನ್ ಬದುಕಿರುವ ಕೋನ ಯಾವುದೋ ಅಲ್ಲಿಗೇ ಪರದೆಯನ್ನು ನಿಲ್ಲಿಸಿ, ಇನ್ನು ತಿರುಗಿಸಬೇಡಿ. ನಮ್ಮದು ಈಗ ಮಲಗಿದ ಸ್ಥಿತಿಯಲ್ಲೇ ಇದೆ. ಕೀಬೋರ್ಡ್ ಬೇಕಾದಾಗ ಯುಎಸ್‌ಬಿಗೆ ಹೊರಗಿನದೊಂದನ್ನು ಸಿಕ್ಕಿಸುತ್ತೇನೆ. ಅತ್ತಿಗೆ ಮುಚ್ಚಳದ ಮೇಲೆ ಒಂದು ಕಾಗದ ಅಂಟಿಸಿದ್ದಾರೆ: “ತಿರುಗಿಸಿದವರಿಗೆ ಊಟ ಇಲ್ಲ.”